ಕೋಟೆಯ ಕಥೆ ಯಾರು ಹೇಳಬೇಕು: ಲೆಗೋ ಮಧ್ಯಯುಗ ಸರಣಿಯ ಒಂದು ಪ್ರಕರಣ ಅಧ್ಯಯನ

1978ರಲ್ಲಿ ಡೆನ್ಮಾರ್ಕಿನ ಬಿಲ್ಲುಂಡ್ ಪಟ್ಟಣದ ಲೆಗೋ ಸಂಸ್ಥೆಯು 375 ಎಂಬ ಸಂಖ್ಯೆಯ ಒಂದು ಆಟಿಕೆ ಕೋಟೆಯನ್ನು ಯುರೋಪಿನ ಮಾರುಕಟ್ಟೆಗೆ ತಂದಿತು. ಅಲ್ಲಿಂದ ಆರಂಭವಾದ ಮಧ್ಯಯುಗದ ಸರಣಿಯು ಮುಂದಿನ ಮೂರೂವರೆ ದಶಕಗಳಲ್ಲಿ ಹಲವು ಬಾರಿ ರೂಪ ಬದಲಿಸಿತು, ನಡುನಡುವೆ ನಿಂತಿತು, ಮತ್ತೆ ಚಿಗುರಿತು, 2013ರ ನಂತರ ನಿಯಮಿತ ಸರಣಿಯಾಗಿ ಕಣ್ಮರೆಯಾಯಿತು, 2022ರಲ್ಲಿ ಬೇರೆಯದೇ ವಯಸ್ಸಿನ ಗ್ರಾಹಕರಿಗಾಗಿ ಭಾರೀ ಗಾತ್ರದಲ್ಲಿ ಮರಳಿತು. ಕೋಟೆ, ಕುದುರೆ, ಕತ್ತಿ, ರಾಜ ಎಂಬ ವಸ್ತುವಿಷಯದಲ್ಲಿ ಮಕ್ಕಳಿಗೆ ಆಸಕ್ತಿ ಇಲ್ಲದೆ ಹೋದ ಕಾಲವೊಂದಿತ್ತು ಎಂದು ನಂಬುವುದು ಕಷ್ಟ. ಹಾಗಿದ್ದೂ ಈ ಸರಣಿ ಏಕೆ ಇಷ್ಟು ಸಲ ತಡವರಿಸಿತು ಎಂಬುದೇ ಈ ಅಧ್ಯಯನದ ಪ್ರಶ್ನೆ.

ಸಂಸ್ಥೆಯ ಹೆಸರು ಮರೆಮಾಡಲಾಗದಷ್ಟು ಪರಿಚಿತವಾದ್ದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ವಿನ್ಯಾಸಕಾರರು, ಆಡಳಿತಗಾರರು ಮತ್ತು ಅಭಿಮಾನಿಗಳನ್ನು ಮಾತ್ರ ಅವರ ಪಾತ್ರದಿಂದಲೇ ಗುರುತಿಸಿದ್ದೇನೆ. ಈ ಪ್ರಕರಣದ ತಿರುವುಗಳು ಒಬ್ಬಿಬ್ಬರ ಪ್ರತಿಭೆಯಿಂದಲೋ ತಪ್ಪಿನಿಂದಲೋ ಬಂದವಲ್ಲ. ಆಟದ ಕಥೆಯನ್ನು ತಯಾರಕರು ಎಷ್ಟು ಹೇಳಬೇಕು, ಮಗುವಿಗೆ ಎಷ್ಟು ಬಿಡಬೇಕು ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಕೊಟ್ಟ ಬೇರೆ ಬೇರೆ ಉತ್ತರಗಳಿಂದ ಬಂದವು ಎಂಬುದು ನನ್ನ ವಾದ.

ಹಿನ್ನೆಲೆ

ಒಬ್ಬ ಬಡಗಿ 1932ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮೊದಲು ಮರದ ಆಟಿಕೆಗಳನ್ನು ಮಾಡುತ್ತಿತ್ತು. ಇಂದು ನಾವು ಕಾಣುವ, ಒಳಗೆ ಕೊಳವೆಗಳಿರುವ ಪ್ಲಾಸ್ಟಿಕ್ ಇಟ್ಟಿಗೆಗೆ ಅದು 1958ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿತು. ಆ ಬಳಿಕದ ಇಪ್ಪತ್ತು ವರ್ಷಗಳ ಕಾಲ ಅದರ ಮುಖ್ಯ ಬಲ ಕಟ್ಟಡಗಳು ಮತ್ತು ವಾಹನಗಳೇ ಆಗಿದ್ದವು; ಅವುಗಳಲ್ಲಿ ಬದುಕುವ ಜನರಿಗೆ ಸರಿಯಾದ ರೂಪ ಸಿಕ್ಕಿರಲಿಲ್ಲ. 1978ರಲ್ಲಿ ಕೈಕಾಲು ಆಡಿಸಬಲ್ಲ, ಕೈಯಲ್ಲಿ ವಸ್ತು ಹಿಡಿಯಬಲ್ಲ ಪುಟ್ಟ ಬೊಂಬೆ, ಅಂದರೆ ಮಿನಿಫಿಗರ್, ಬಂದಾಗ ಈ ಕೊರತೆ ನೀಗಿತು. ಅದೇ ವರ್ಷ ಆ ಬೊಂಬೆಗಳಿಗಾಗಿ ಮೂರು ಲೋಕಗಳು ಸಿದ್ಧವಾದವು: ವರ್ತಮಾನಕ್ಕೆ ಪಟ್ಟಣ, ಭವಿಷ್ಯಕ್ಕೆ ಬಾಹ್ಯಾಕಾಶ, ಭೂತಕಾಲಕ್ಕೆ ಕೋಟೆ. ಎಲ್ಲ ಬೊಂಬೆಗಳಿಗೂ ಒಂದೇ ಹಳದಿ ಮುಖ, ಎರಡು ಚುಕ್ಕೆಯ ಕಣ್ಣು, ಒಂದು ಮುಗುಳ್ನಗೆ. ಮುಖದಲ್ಲಿ ಸಿಟ್ಟಾಗಲಿ ಕ್ರೌರ್ಯವಾಗಲಿ ಇರಲಿಲ್ಲವಾದ್ದರಿಂದ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದನ್ನು ಆಡುವ ಮಗುವೇ ನಿರ್ಧರಿಸಬೇಕಿತ್ತು.

375ರಲ್ಲಿ 767 ಬಿಡಿಭಾಗಗಳೂ 14 ಬೊಂಬೆಗಳೂ ಇದ್ದವು. ಎತ್ತಿ ಇಳಿಸುವ ಸೇತುವೆ, ಮೂಲೆಗಳಲ್ಲಿ ಬುರುಜುಗಳು, ಬಿಜಾಗರಿಗಳ ಮೇಲೆ ತೆರೆದುಕೊಂಡು ಒಳಗೆ ಕೈ ಹಾಕಲು ಅವಕಾಶ ಕೊಡುವ ಗೋಡೆಗಳು ಅದರಲ್ಲಿದ್ದವು. ಕುದುರೆಗೆ ಪ್ರತ್ಯೇಕ ಅಚ್ಚು ಇರಲಿಲ್ಲ. ಸಣ್ಣ ಇಟ್ಟಿಗೆಗಳನ್ನು ಜೋಡಿಸಿಯೇ ಕುದುರೆಯನ್ನು ಕಟ್ಟಬೇಕಿತ್ತು. ಇಡೀ ಕೋಟೆ ಅಚ್ಚ ಹಳದಿ ಬಣ್ಣದ್ದಾಗಿತ್ತು. ಬೂದು ಇಟ್ಟಿಗೆಗಳನ್ನು ಹೇರಳವಾಗಿ ಕೊಟ್ಟರೆ ಮಕ್ಕಳು ಯುದ್ಧ ಟ್ಯಾಂಕುಗಳನ್ನು ಕಟ್ಟಿಯಾರು ಎಂಬ ಹಿಂಜರಿಕೆ ಸಂಸ್ಥೆಯ ಹಿರಿಯರಲ್ಲಿತ್ತು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಅದೇ ವರ್ಷದ ಬಾಹ್ಯಾಕಾಶ ಸೆಟ್‌ಗಳಲ್ಲಿ ಬೂದು ಭಾಗಗಳು ಇದ್ದೇ ಇದ್ದವು, ಆದ್ದರಿಂದ ಆ ಕಾರಣವನ್ನು ಪೂರ್ಣ ವಿವರಣೆಯೆಂದು ನಾನು ಒಪ್ಪಲಾರೆ. ಆದರೆ ಆಧುನಿಕ ಯುದ್ಧದ ಆಟಿಕೆಗಳನ್ನು ಮಾಡಬಾರದು ಎಂಬ ನಿಲುವು ಸಂಸ್ಥೆಗೆ ನಿಜವಾಗಿಯೂ ಇತ್ತು, ಮತ್ತು ಕತ್ತಿ, ಈಟಿ, ಗುರಾಣಿಗಳು ಬಹಳ ಹಿಂದಿನ ಕಾಲಕ್ಕೆ ಸೇರಿದವು ಎಂಬ ಕಾರಣದಿಂದಲೇ ಅವಕ್ಕೆ ಪ್ರವೇಶ ಸಿಕ್ಕಿತು. ಸರಣಿಯ ಮೊದಲ ಮಹತ್ವದ ನಿರ್ಧಾರ ಇದು: ಹೋರಾಟ ಇರಲಿ, ಆದರೆ ಅದು ಇಂದಿನ ಜಗತ್ತಿನದ್ದಾಗದಿರಲಿ.

1984ರ ತಿರುವು

ಸರಣಿ ತನ್ನ ನಿಜವಾದ ಸ್ವರೂಪವನ್ನು ಕಂಡುಕೊಂಡದ್ದು 1984ರಲ್ಲಿ. ಆ ವರ್ಷ ಕೋಟೆಗಳು ಬೂದು ಬಣ್ಣಕ್ಕೆ ತಿರುಗಿದವು, ಕುದುರೆಗೆ ತನ್ನದೇ ಅಚ್ಚು ಸಿಕ್ಕಿತು, ಕಿಟಕಿ ಇರುವ ಎತ್ತರದ ಗೋಡೆ ಫಲಕಗಳು ಬಂದವು. ಇವೆಲ್ಲಕ್ಕಿಂತ ದೊಡ್ಡದು ಎರಡು ಪಾಳಯಗಳ ಕಲ್ಪನೆ. ಒಂದರ ಲಾಂಛನ ಸಿಂಹ, ಇನ್ನೊಂದರದ್ದು ಕಪ್ಪು ಗಿಡುಗ. 6080ನೆಯ ಸಂಖ್ಯೆಯ ರಾಜನ ಕೋಟೆ ಸಿಂಹದವರದು. 1986ರಲ್ಲಿ ಬಂದ 6074 ಗಿಡುಗದವರದು. ಬೇರೆ ಬೇರೆ ಪೆಟ್ಟಿಗೆಗಳ ಗೋಡೆಗಳನ್ನು ಒಂದಕ್ಕೊಂದು ಸೇರಿಸಿ ದೊಡ್ಡ ಕೋಟೆ ಕಟ್ಟಲು ಸಾಧ್ಯವಿದ್ದುದರಿಂದ ಒಂದು ಹುಟ್ಟುಹಬ್ಬದ ಉಡುಗೊರೆಯು ಹಿಂದಿನ ಹಬ್ಬದ ಉಡುಗೊರೆಯ ಬೆಲೆಯನ್ನೂ ಹೆಚ್ಚಿಸುತ್ತಿತ್ತು.

ಈ ಎರಡು ಪಾಳಯಗಳ ಬಗ್ಗೆ ಸಂಸ್ಥೆ ಎಷ್ಟು ಕಡಿಮೆ ಹೇಳಿತು ಎಂಬುದನ್ನು ಗಮನಿಸಬೇಕು. ಸಿಂಹದವರಿಗೂ ಗಿಡುಗದವರಿಗೂ ಜಗಳ ಏಕೆ ಹುಟ್ಟಿತು, ರಾಜನ ಹೆಸರೇನು, ಯಾರು ಯಾರ ನೆಲವನ್ನು ಕಿತ್ತುಕೊಂಡರು, ಯಾವುದನ್ನೂ ಹೇಳಲಿಲ್ಲ. ಎರಡೂ ಕಡೆಯವರು ಒಂದೇ ಮುಗುಳ್ನಗೆಯ ಮುಖದವರು. ಜೊತೆಗೆ ಯುದ್ಧಕ್ಕೆ ನೇರವಾಗಿ ಸಂಬಂಧವಿಲ್ಲದ ಸೆಟ್‌ಗಳೂ ಬಂದವು: 1984ರಲ್ಲಿ ಒಂದು ಕಮ್ಮಾರನ ಅಂಗಡಿ, 1986ರಲ್ಲಿ ಪ್ರಯಾಣಿಕರು ತಂಗುವ ಒಂದು ವಸತಿಗೃಹ. ಕೋಟೆಯ ಹೊರಗೂ ಒಂದು ಊರಿದೆ, ಅಲ್ಲಿ ಲಾಳ ಬಡಿಯುವವರೂ ಅಡುಗೆ ಮಾಡುವವರೂ ಇದ್ದಾರೆ ಎಂಬ ಅರಿವನ್ನು ಈ ಸಣ್ಣ ಸೆಟ್‌ಗಳು ತಂದವು. 1987ರಲ್ಲಿ ಹಸಿರು ಟೋಪಿಗೆ ಗರಿ ಸಿಕ್ಕಿಸಿಕೊಂಡ ಕಾಡಿನ ಬಿಲ್ಲುಗಾರರು ಬಂದರು. ಅವರು ರಾಜನ ಪರವೋ ವಿರೋಧವೋ ಎಂಬುದನ್ನೂ ಪೆಟ್ಟಿಗೆಗಳು ತೀರ್ಮಾನಿಸಲಿಲ್ಲ. ಇವರ ಅಡಗುತಾಣಗಳಲ್ಲಿ ಹಲವು ಚಿಕ್ಕ ಗಾತ್ರದವು, ಮಕ್ಕಳು ಕೂಡಿಟ್ಟ ಹಣದಲ್ಲಿ ಕೊಳ್ಳಬಹುದಾದಂಥವು. ಈ ಸರಣಿಯ ಅತ್ಯುತ್ತಮ ಕಾಲ ಯಾವುದೆಂದು ಕೇಳಿದರೆ 1984ರಿಂದ 1992ರವರೆಗಿನ ಅವಧಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಆ ಕಾಲದ ಬಿಡಿಭಾಗಗಳು ಸಾಮಾನ್ಯವಾದವು, ಲಾಂಛನಗಳು ಸ್ಪಷ್ಟವಾದವು, ಕಥೆಗಳು ತೆರೆದೇ ಇದ್ದವು.

ಸಮಸ್ಯೆ ಹುಟ್ಟಿದ ಬಗೆ

ಯಶಸ್ಸಿನ ನಡುವೆಯೇ ಒಂದು ಒತ್ತಡ ಬೆಳೆಯತೊಡಗಿತು. ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಹೊಸದೇನನ್ನಾದರೂ ತೋರಿಸಬೇಕು; ಕೋಟೆಗೆ ಗೋಡೆ, ಬುರುಜು, ಹೆಬ್ಬಾಗಿಲು ಬಿಟ್ಟರೆ ಹೊಸದೇನಿದೆ? ಇದಕ್ಕೆ ಕಂಡುಕೊಂಡ ಮೊದಲ ಉತ್ತರ ಹೊಸ ಪಾಳಯಗಳು. 1988ರಲ್ಲಿ ಕಪ್ಪು ಯೋಧರು, 1992ರಲ್ಲಿ ತೋಳದ ಲಾಂಛನದ ದರೋಡೆಕೋರರು ಬಂದರು. ಎರಡನೆಯ ಉತ್ತರ ಅದ್ಭುತ ಅಂಶಗಳು: 1990ರಲ್ಲಿ ಕತ್ತಲಲ್ಲಿ ಹೊಳೆಯುವ ದೆವ್ವ, 1993ರಲ್ಲಿ ಡ್ರ್ಯಾಗನ್ ಮತ್ತು ಮಾಂತ್ರಿಕ, 1995ರಲ್ಲಿ ಅಸ್ಥಿಪಂಜರ, 1997ರಲ್ಲಿ ಮಾಟಗಾತಿ ಮತ್ತು ಬಾವಲಿಯ ಲಾಂಛನದ ದೊರೆ. ಮೂರನೆಯದು ದೊಡ್ಡ ಸಿದ್ಧ ತುಣುಕುಗಳು. 1990ರ 6081ನೆಯ ಸೆಟ್‌ನಲ್ಲಿ ಇಳಿಜಾರು ಮತ್ತು ಗುಂಡಿ ಸಹಿತ ಅಚ್ಚು ಹಾಕಿದ ಎತ್ತರದ ತಳಹಲಗೆ ಇತ್ತು; ಅದು ಕೋಟೆಯನ್ನು ಬೆಟ್ಟದ ಮೇಲೆ ಏರಿಸಿತು.

ಆ ತಳಹಲಗೆಯನ್ನು ಮೊದಲು ನೋಡಿದ ಮಗುವಿಗೆ ಆಗಿರಬಹುದಾದ ಸಂತೋಷವನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ಮೇಜಿನ ಮೇಲೆ ಬೆಟ್ಟವೊಂದು ಎದ್ದು ನಿಂತಂತೆ ಕಾಣುತ್ತದೆ. ಆದರೆ ಆ ಬೆಟ್ಟವನ್ನು ಬಿಚ್ಚಿ ಬೇರೇನನ್ನೂ ಮಾಡಲು ಬರುವುದಿಲ್ಲ. ಇಟ್ಟಿಗೆಯ ಆಟಿಕೆಯ ಬಲವಿರುವುದು ಮರುಬಳಕೆಯಲ್ಲಿ. ಇವತ್ತಿನ ಗೋಡೆ ನಾಳೆಯ ಮನೆಯಾಗುವುದರಲ್ಲಿ. ತುಣುಕು ದೊಡ್ಡದಾದಷ್ಟೂ, ಅದರ ಉಪಯೋಗ ಒಂದಕ್ಕೇ ಮೀಸಲಾದಷ್ಟೂ, ಕಟ್ಟುವ ಕೆಲಸ ಕಡಿಮೆಯಾಗುತ್ತದೆ. 1990ರ ದಶಕದ ಉತ್ತರಾರ್ಧದ ಕೋಟೆಗಳಲ್ಲಿ ಈ ಬದಲಾವಣೆ ಕಣ್ಣಿಗೆ ರಾಚುವಷ್ಟಿದೆ.

ಇದೇ ಹೊತ್ತಿಗೆ ಮುಖಗಳೂ ಬದಲಾಗಿದ್ದವು. 1989ರಲ್ಲಿ ಕಡಲ್ಗಳ್ಳರ ಸರಣಿಯೊಂದಿಗೆ ಗಡ್ಡ, ಮೀಸೆ, ಕಣ್ಣಿನ ಪಟ್ಟಿ ಇರುವ ಮುಖಗಳು ಬಂದ ಮೇಲೆ ಕೋಟೆಯ ಬೊಂಬೆಗಳಿಗೂ ಸ್ವಭಾವಗಳು ಅಂಟಿಕೊಂಡವು. ಮುಖ ನೋಡಿದೊಡನೆ ಖಳನಾಯಕ ಯಾರೆಂದು ಗೊತ್ತಾಗುವಂತಾಯಿತು. 2000ನೆಯ ಇಸವಿಯ ಹೊಸ ಆವೃತ್ತಿಯಲ್ಲಿ ರಾಜ, ರಾಣಿ, ರಾಜಕುಮಾರಿ, ಅವರ ಶತ್ರು ಎಲ್ಲರಿಗೂ ಹೆಸರುಗಳು ದೊರೆತವು. ರಾಜಕುಮಾರಿಯೂ ಯೋಧೆಯಾಗಿ ಬಂದದ್ದು ಸ್ವಾಗತಾರ್ಹವೇ ಆಗಿತ್ತು. ಆದರೆ ಹೆಸರಿಟ್ಟ ಪಾತ್ರಗಳು ಬಂದಷ್ಟೂ ಹೆಸರಿಲ್ಲದ ಸೈನಿಕರು ಕಡಿಮೆಯಾದರು. ಒಬ್ಬನೇ ರಾಜನಿರುವ ಸೆಟ್‌ಗಳನ್ನು ಎರಡೆರಡು ಕೊಳ್ಳಲು ಕಾರಣವೂ ಇಲ್ಲವಾಯಿತು.

ಸಂಸ್ಥೆಯ ಒಟ್ಟು ಸ್ಥಿತಿಯೂ ಆಗ ಹದಗೆಡುತ್ತಿತ್ತು. 1998ರಲ್ಲಿ ಅದು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ನಷ್ಟ ಕಂಡಿತು. 1999ರಲ್ಲಿ ಸ್ಟಾರ್ ವಾರ್ಸ್, 2001ರಲ್ಲಿ ಹ್ಯಾರಿ ಪಾಟರ್ ಪರವಾನಗಿಯ ಸೆಟ್‌ಗಳು ಬಂದವು. ಎರಡನೆಯದು ಕೋಟೆ ಸರಣಿಗೆ ನೇರ ಪೈಪೋಟಿ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಅದರ ಕೇಂದ್ರದಲ್ಲಿರುವುದೂ ಬುರುಜುಗಳುಳ್ಳ ಒಂದು ಕೋಟೆಯೇ, ಮತ್ತು ಆ ಕೋಟೆಯೊಳಗೆ ಏನು ನಡೆಯುತ್ತದೆ ಎಂಬುದು ಕೊಳ್ಳುವ ಪ್ರತಿ ಮಗುವಿಗೂ ಮೊದಲೇ ಗೊತ್ತಿತ್ತು. ಸಿದ್ಧ ಕಥೆಯೊಡನೆ ಸ್ಪರ್ಧಿಸಲು ಕೋಟೆ ಸರಣಿಯೂ ಸಿದ್ಧ ಕಥೆಯನ್ನು ಕಟ್ಟಿಕೊಳ್ಳಹೊರಟದ್ದು ಈ ಪ್ರಕರಣದ ಬಹುಮುಖ್ಯ ತಿರುವು.

ಏನೇನು ಪ್ರಯತ್ನಿಸಲಾಯಿತು

2003 ಮತ್ತು 2004ರಲ್ಲಿ ಸಂಸ್ಥೆ ಭಾರೀ ನಷ್ಟ ಅನುಭವಿಸಿತು. ತಯಾರಿಸುತ್ತಿದ್ದ ಬಿಡಿಭಾಗಗಳ ಬಗೆಗಳು ಕೆಲವೇ ವರ್ಷಗಳಲ್ಲಿ ಸುಮಾರು ದುಪ್ಪಟ್ಟಾಗಿದ್ದವು. ಪ್ರತಿ ಹೊಸ ಬಗೆಗೂ ದುಬಾರಿ ಅಚ್ಚು, ಪ್ರತ್ಯೇಕ ದಾಸ್ತಾನು ಬೇಕಾಗುತ್ತಿತ್ತು. 2004ರಲ್ಲಿ ಬಂದ ಹೊಸ ಮುಖ್ಯ ಕಾರ್ಯನಿರ್ವಾಹಕರು ಬಿಡಿಭಾಗಗಳ ಬಗೆಗಳನ್ನು ಕಡಿತಗೊಳಿಸಿ, ಇಟ್ಟಿಗೆಗೇ ಮರಳುವ ಹಾದಿ ಹಿಡಿದರು. ಆದರೆ ಅದೇ ವರ್ಷ ಹೊರಬಂದ ಕೋಟೆಯ ಆವೃತ್ತಿ ಹಿಂದಿನ ಯೋಚನೆಯ ಫಲವಾಗಿತ್ತು. ಅದರಲ್ಲಿ ನಾಲ್ವರು ನಾಯಕ ಯೋಧರಿದ್ದರು, ಒಬ್ಬೊಬ್ಬರಿಗೆ ಒಂದೊಂದು ಗಾಢ ಬಣ್ಣ, ಒಂದೊಂದು ಹೆಸರು, ಒಂದೊಂದು ಪ್ರಾಣಿಯ ಲಾಂಛನ. ಅವರನ್ನು ಜೋಡಿಸಿ ನಿಲ್ಲಿಸುವ ದೊಡ್ಡ ಬೊಂಬೆಗಳಾಗಿಯೂ ಮಾರಲಾಯಿತು. 2006ರವರೆಗೆ ಇದು ನಡೆಯಿತು. ಹೊಸ ಪೀಳಿಗೆಯ ಮಕ್ಕಳನ್ನು ಸೆಳೆದ ಈ ಆವೃತ್ತಿಯನ್ನು ಬಾಲ್ಯದ ನೆನಪಾಗಿ ಪ್ರೀತಿಸುವವರು ಇಂದಿಗೂ ಇದ್ದಾರೆ. ಹಳೆಯ ಬೂದು ಕೋಟೆಯ ಪಕ್ಕದಲ್ಲಿಟ್ಟರೆ ಮಾತ್ರ ಇದು ಬೇರೆಯೇ ಆಟಿಕೆಯಂತೆ ಕಾಣುತ್ತದೆ.

ಅದೇ ಹೊತ್ತಿನ ಇನ್ನೊಂದು ನಿರ್ಧಾರ ಹೊರಗಿನವರಿಗೆ ಕ್ಷುಲ್ಲಕವೆನಿಸಬಹುದು. ಸಂಸ್ಥೆ ತನ್ನ ಬೂದು ಬಣ್ಣಗಳನ್ನು ಬದಲಾಯಿಸಿತು. ಹಳೆಯ ಬೂದುವಿನಲ್ಲಿ ಸ್ವಲ್ಪ ಹಳದಿಯ ಛಾಯೆಯಿದ್ದರೆ ಹೊಸದರಲ್ಲಿ ನೀಲಿಯ ಛಾಯೆ ಇತ್ತು. ಇಪ್ಪತ್ತು ವರ್ಷಗಳಿಂದ ಬೂದು ಇಟ್ಟಿಗೆಗಳನ್ನು ಕೂಡಿಟ್ಟು ದೊಡ್ಡ ಕೋಟೆಗಳನ್ನು ಕಟ್ಟುತ್ತಿದ್ದ ವಯಸ್ಕ ಅಭಿಮಾನಿಗಳ ಗೋಡೆಗಳಲ್ಲಿ ಹೊಸ ಇಟ್ಟಿಗೆ ತೇಪೆಯಂತೆ ಎದ್ದು ಕಾಣತೊಡಗಿತು. ಅವರ ಅಸಮಾಧಾನ ತೀವ್ರವಾಗಿತ್ತು, ಮತ್ತು ಅದು ನ್ಯಾಯವೂ ಆಗಿತ್ತು. ಎಲ್ಲ ಕಾಲದ ತುಣುಕುಗಳೂ ಒಂದಕ್ಕೊಂದು ಹೊಂದುತ್ತವೆ ಎಂಬ ಭರವಸೆಯ ಮೇಲೆ ನಿಂತ ವಸ್ತುವಿಗೆ ಬಣ್ಣವೂ ಹೊಂದಾಣಿಕೆಯ ಒಂದು ಭಾಗವೇ. ಈ ಗ್ರಾಹಕರು ಸಂಖ್ಯೆಯಲ್ಲಿ ಮಕ್ಕಳಿಗಿಂತ ಕಡಿಮೆ ಇದ್ದರೂ ಅವರ ಮಾತಿಗೆ ಕಿವಿಗೊಡಬೇಕಾದ ಅಗತ್ಯ ಅಂದಿನಿಂದ ಹೆಚ್ಚು ಸ್ಪಷ್ಟವಾಯಿತು.

ವಾಸ್ತವದಲ್ಲಿ ಆ ದಿಕ್ಕಿನ ಮೊದಲ ಹೆಜ್ಜೆಗಳು ಇದಕ್ಕೂ ಮೊದಲೇ ಬಿದ್ದಿದ್ದವು. 2001 ಮತ್ತು 2002ರಲ್ಲಿ 1986ರ ವಸತಿಗೃಹವನ್ನೂ ಗಿಡುಗದ ಕೋಟೆಯನ್ನೂ ಮರುಬಿಡುಗಡೆ ಮಾಡಲಾಯಿತು. 2002ರಲ್ಲಿ ಒಬ್ಬ ಅಭಿಮಾನಿ ರೂಪಿಸಿದ ಕಮ್ಮಾರನ ಅಂಗಡಿಯನ್ನು ಸಂಸ್ಥೆಯೇ ಸೆಟ್ ಆಗಿ ಮಾರಿತು. ಆಗ ಇವು ಅಂಚಿನ ಪ್ರಯೋಗಗಳಾಗಿ ಕಂಡವು. ಇಪ್ಪತ್ತು ವರ್ಷಗಳ ನಂತರ ಸರಣಿಯನ್ನು ಉಳಿಸಿದ್ದು ಇದೇ ಹಾದಿ ಎಂಬುದನ್ನು ಅಂದು ಯಾರೂ ಊಹಿಸಿರಲಾರರು.

2007ರಿಂದ 2009ರವರೆಗಿನ ಆವೃತ್ತಿಯು ಅದ್ಭುತ ಲೋಕವನ್ನು ಪೂರ್ಣವಾಗಿ ಅಪ್ಪಿಕೊಂಡಿತು: ಮನುಷ್ಯ ಸೈನಿಕರ ಎದುರು ಅಸ್ಥಿಪಂಜರಗಳ ಪಡೆ, ಬಳಿಕ ದೈತ್ಯರು ಮತ್ತು ಕುಳ್ಳರು. ಇದರಲ್ಲಿ ಹೆಸರಿಲ್ಲದ ಸೈನಿಕರು ಮರಳಿ ಬಂದರು, ಪಾಳಯಗಳನ್ನು ದೊಡ್ಡದು ಮಾಡಿಕೊಳ್ಳುವ ಅವಕಾಶವೂ ಮರಳಿತು. ಆದರೆ ಆ ಆವೃತ್ತಿಯ ಕೊನೆಯಲ್ಲಿ, 2009ರಲ್ಲಿ, ಬಂದ 10193ನೆಯ ಸೆಟ್ ಉಳಿದೆಲ್ಲಕ್ಕಿಂತ ಭಿನ್ನವಾಗಿತ್ತು. 1,601 ಬಿಡಿಭಾಗಗಳ ಆ ಸೆಟ್‌ನಲ್ಲಿ ಕೋಟೆಯೇ ಇರಲಿಲ್ಲ. ಇದ್ದದ್ದು ಒಂದು ಸಂತೆ ನಡೆಯುವ ಊರು, ಮನೆಗಳು, ಕಮ್ಮಾರನ ಕುಲುಮೆ ಮತ್ತು ಹಸುಗಳು. ಲೆಗೋ ಹಸುವಿನ ಅಚ್ಚು ಮೊದಲು ಕಾಣಿಸಿಕೊಂಡದ್ದು ಇದರಲ್ಲಿಯೇ. ಯುದ್ಧವಿಲ್ಲದ, ನಾಯಕನಿಲ್ಲದ, ಹೆಸರಿಲ್ಲದ ಜನರ ದೈನಂದಿನ ಬದುಕಿನ ಸೆಟ್ ಒಂದಕ್ಕೆ ದೊಡ್ಡ ಬೆಲೆ ತೆತ್ತು ಕೊಳ್ಳುವವರಿದ್ದಾರೆ ಎಂಬುದು ಇಲ್ಲಿ ಸಾಬೀತಾಯಿತು. 1984ರ ಕಮ್ಮಾರನ ಅಂಗಡಿ ಬಿತ್ತಿದ ಬೀಜ ಇದು ಎಂದು ನನಗೆ ಅನ್ನಿಸುತ್ತದೆ.

2010ರಿಂದ 2012ರವರೆಗಿನ ಆವೃತ್ತಿ ದೈತ್ಯರನ್ನು ಕೈಬಿಟ್ಟು ಸಿಂಹ ಮತ್ತು ಡ್ರ್ಯಾಗನ್ ಲಾಂಛನಗಳ ಎರಡು ರಾಜ್ಯಗಳಿಗೆ ಮರಳಿತು. 2011ರ ಗಿರಣಿ ಊರಿನ ಸೆಟ್‌ನಲ್ಲಿ ಬಂದ ಮೇಕೆ ಆ ಬಳಿಕ ಹಲವು ವರ್ಷ ಬೇರೆಲ್ಲೂ ದೊರೆಯದೆ, ಸಂಗ್ರಾಹಕರ ನಡುವೆ ಆ ಒಂದು ಪುಟ್ಟ ಪ್ರಾಣಿಯ ಬೆಲೆ ವಿಪರೀತ ಏರಿತು. 2013ರ ಆವೃತ್ತಿಯಲ್ಲಿ ಕೇವಲ 5 ಸೆಟ್‌ಗಳಿದ್ದವು, ಅವುಗಳಲ್ಲಿ ದೊಡ್ಡದು 996 ಭಾಗಗಳ ರಾಜನ ಕೋಟೆ. ಅಲ್ಲಿಗೆ ಮಕ್ಕಳಿಗಾಗಿ ಹೊರಬರುತ್ತಿದ್ದ ನಿಯಮಿತ ಕೋಟೆ ಸರಣಿ ಮುಗಿಯಿತು.

ಏಕೆ ಮುಗಿಯಿತು? ಆ ಹೊತ್ತಿಗೆ 2011ರಲ್ಲಿ ಆರಂಭವಾದ ನಿಂಜಾ ಸರಣಿ, ದೂರದರ್ಶನದ ಕಾರ್ಟೂನ್ ಕಥೆಯ ಬೆಂಬಲದೊಡನೆ, ಕತ್ತಿ ಹಿಡಿದ ಯೋಧರ ಆಟದ ಜಾಗವನ್ನು ಆಕ್ರಮಿಸಿಕೊಂಡಿತ್ತು. ಪರವಾನಗಿ ಪಡೆದ ಸಾಹಸ ಚಿತ್ರಗಳ ಸೆಟ್‌ಗಳಲ್ಲಿಯೂ ಕೋಟೆಗಳು ಬರುತ್ತಿದ್ದವು. ಕಪಾಟಿನಲ್ಲಿ ಹೆಸರಿಲ್ಲದ ಕೋಟೆಗೆ ಉಳಿದಿದ್ದ ಜಾಗ ಬಹಳ ಕಿರಿದು. 2016ರಲ್ಲಿ ಸಂಸ್ಥೆ ಅದೇ ಸೂತ್ರವನ್ನು ಮಧ್ಯಯುಗದ ಮೇಲೂ ಪ್ರಯೋಗಿಸಿ ನೆಕ್ಸೋ ನೈಟ್ಸ್ ಎಂಬ ಸರಣಿಯನ್ನು ತಂದಿತು. ಅದರಲ್ಲಿ ಯೋಧರು ಭವಿಷ್ಯದ ಯಂತ್ರಗಳ ಮೇಲೆ ಸವಾರಿ ಮಾಡುತ್ತಿದ್ದರು, ಕಾರ್ಟೂನ್ ಇತ್ತು, ಗುರಾಣಿಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಆಟದೊಳಗೆ ಶಕ್ತಿ ಸಿಗುತ್ತಿತ್ತು. ಇದು 2018ರಲ್ಲಿ ನಿಂತಿತು. ಕಥೆಯನ್ನು ಪೂರ್ತಿಯಾಗಿ ತಯಾರಕರೇ ಹೇಳುವ ಮಾದರಿಯ ತುತ್ತತುದಿ ಇದು. ಕಾರ್ಟೂನ್ ನಿಂತ ಮೇಲೆ ಆ ಲೋಕವೂ ಬೇಗ ಮಾಸಿತು. ಕಥೆಯೇ ಇಲ್ಲದ 1984ರ ಸಿಂಹ ಮತ್ತು ಗಿಡುಗ ಮಾತ್ರ ಬಾಳಿದವು.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಮರಳುವಿಕೆ ಆರಂಭವಾದದ್ದು ಸಂಸ್ಥೆಯ ಹೊರಗಿನಿಂದ. ಅಭಿಮಾನಿಗಳು ತಮ್ಮ ವಿನ್ಯಾಸವನ್ನು ಮುಂದಿಟ್ಟು 10,000 ಮಂದಿಯ ಬೆಂಬಲ ಗಳಿಸಿದರೆ ಅದನ್ನು ಪರಿಶೀಲಿಸುವ ಏರ್ಪಾಡು ಲೆಗೋದಲ್ಲಿ ಇದೆ. ಆ ಮೂಲಕ ಬಂದ ಮಧ್ಯಯುಗದ ಕಮ್ಮಾರನ ಮನೆ 2021ರಲ್ಲಿ 2,164 ಭಾಗಗಳ ಸೆಟ್ ಆಗಿ ಪ್ರಕಟವಾಯಿತು. ಸಂಸ್ಥೆಯ ವಿನ್ಯಾಸಕಾರರು ಅದಕ್ಕೆ ಕಪ್ಪು ಗಿಡುಗದ ಯೋಧರನ್ನು ಸೇರಿಸಿದರು. ಮುಂದಿನ ವರ್ಷ ಸಂಸ್ಥೆಯ 90ನೆಯ ವರ್ಷಾಚರಣೆಯ ಭಾಗವಾಗಿ ಸಿಂಹ ಯೋಧರ ಕೋಟೆ, 10305, ಬಂತು: 4,514 ಬಿಡಿಭಾಗ, 22 ಬೊಂಬೆ, ಅಮೆರಿಕದಲ್ಲಿ ಸುಮಾರು 400 ಡಾಲರ್ ಬೆಲೆ, ಪೆಟ್ಟಿಗೆಯ ಮೇಲೆ 18 ವರ್ಷ ಮೇಲ್ಪಟ್ಟವರಿಗೆ ಎಂಬ ಸೂಚನೆ. 375ರಂತೆ ಇದರ ಗೋಡೆಗಳೂ ಬಿಜಾಗರಿಯ ಮೇಲೆ ತೆರೆಯುತ್ತವೆ. ಕಾಡಿನ ಬಿಲ್ಲುಗಾರರ ಅಡಗುತಾಣವೂ ಅದರೊಳಗಿದೆ. 2024ರಲ್ಲಿ 3,304 ಭಾಗಗಳ ಮಧ್ಯಯುಗದ ಊರ ಚೌಕ ಬಂದಾಗ, ಹದಿಮೂರು ವರ್ಷಗಳ ನಂತರ, ಮೇಕೆಯೂ ಮರಳಿತು.

ಇದನ್ನು ನೆನಪಿನ ವ್ಯಾಪಾರವೆಂದು ಮಾತ್ರ ಓದಿದರೆ ಪ್ರಕರಣದ ಅರ್ಧ ಭಾಗ ಕೈತಪ್ಪುತ್ತದೆ. ನೆನಪು ಇದೆ, ನಿಜ. 1984ರಲ್ಲಿ ಎಂಟು ವರ್ಷದ ಮಗುವಾಗಿದ್ದವರು 2022ರಲ್ಲಿ ದುಡಿಯುವ, ಖರ್ಚು ಮಾಡಬಲ್ಲ ಮಧ್ಯವಯಸ್ಕರು. ಆದರೆ ಅದೇ ಸಂಸ್ಥೆಯ ಎಷ್ಟೋ ಹಳೆಯ ಸರಣಿಗಳಿಗೆ ಇಂಥ ಮರುಹುಟ್ಟು ದಕ್ಕಿಲ್ಲ. ಮರಳಿ ಬಂದ ಲಾಂಛನಗಳು ಯಾವುವು ಎಂಬುದನ್ನು ನೋಡಬೇಕು. ಸಿಂಹ, ಗಿಡುಗ, ಕಾಡಿನ ಬಿಲ್ಲುಗಾರರು: ಮೂವರೂ ಕಥೆ ಹೇಳದೆ ಬಿಟ್ಟ ಕಾಲದವರು. ಅವರ ಕಥೆಯನ್ನು ಲಕ್ಷಾಂತರ ಮನೆಗಳಲ್ಲಿ ಮಕ್ಕಳು ತಾವೇ ಕಟ್ಟಿಕೊಂಡಿದ್ದರು, ಆದ್ದರಿಂದ ಅದು ಅವರದ್ದೇ ಆಗಿ ಉಳಿದಿತ್ತು. ಹೊಸತನಕ್ಕಾಗಿ ಪಾತ್ರಗಳಿಗೆ ಹೆಸರಿಟ್ಟ, ತುಣುಕುಗಳನ್ನು ಹಿಗ್ಗಿಸಿದ, ಕಥೆಯನ್ನು ಬಿಗಿಗೊಳಿಸಿದ ಪ್ರತಿ ಆವೃತ್ತಿಯೂ ಒಂದು ಪೀಳಿಗೆಯನ್ನು ರಂಜಿಸಿ ಹೋಯಿತು. ಮುಂದಿನ ಪೀಳಿಗೆಗೆ ದಾಟುವ ಹರವು ಅದಕ್ಕಿರಲಿಲ್ಲ.

ಇದೇ ವಾದವನ್ನು ಇಂದಿನ ಸ್ಥಿತಿಗೂ ಅನ್ವಯಿಸಿದಾಗ ನನಗೆ ಒಂದು ಚಿಂತೆ ಉಳಿಯುತ್ತದೆ. 10305 ಸುಂದರವಾದ ಕೋಟೆ, ಆದರೆ ಅದು ಕಪಾಟಿನ ಮೇಲೆ ನಿಲ್ಲಿಸಲು ಕೊಳ್ಳುವ ವಯಸ್ಕರ ಕೋಟೆ. ಕಾಡಿನ ಬಿಲ್ಲುಗಾರರ ಆ ಚಿಕ್ಕ ಅಡಗುತಾಣದಂತೆ, ಮಗು ತನ್ನ ಹಣದಲ್ಲಿ ಕೊಂಡು, ಮರುದಿನವೇ ಬಿಚ್ಚಿ, ಗೆಳೆಯನ ಕೋಟೆಗೆ ಜೋಡಿಸಬಹುದಾದ ಸೆಟ್‌ನ ಕೆಲಸವನ್ನು ಅದು ಮಾಡಲಾರದು. ಆ ಕೆಲಸಕ್ಕೆ ಹತ್ತಿರ ಬಂದದ್ದು 2021ರ 31120: 1,426 ಭಾಗಗಳಿಂದ ಮೂರು ಬಗೆಯಾಗಿ ಕಟ್ಟಬಹುದಾದ, ಮಕ್ಕಳ ವಯಸ್ಸಿಗೇ ಹೊಂದುವ ಕೋಟೆ ಅದು, ಒಂದು ಕೋಟೆಯನ್ನು ಕೆಡವಿ ಇನ್ನೊಂದನ್ನು ಎಬ್ಬಿಸುವುದನ್ನೇ ಅದರ ಕೈಪಿಡಿ ಮಗುವಿಗೆ ಕಲಿಸುತ್ತದೆ. ಈ ಪ್ರಕರಣವನ್ನು ಮುಂದೆ ಯಾರಾದರೂ ಮತ್ತೆ ಬರೆಯುವಾಗ 10305ರ ಮಾರಾಟಕ್ಕಿಂತ 31120ರಂಥ ಸೆಟ್‌ಗಳು ಎಷ್ಟು ಮಕ್ಕಳ ಕೈ ಸೇರಿದವು ಎಂಬುದನ್ನು ಮೊದಲು ಕೇಳಬೇಕು, ಏಕೆಂದರೆ 2060ರಲ್ಲಿ ಕೋಟೆಯನ್ನು ಮರಳಿ ಕೇಳಬೇಕಾದವರು ಈಗ ಎಂಟು ವರ್ಷದವರು.